ಬಡತನವನ್ನು ಅಳೆದ ಅರ್ಥಶಾಸ್ತ್ರಜ್ಞ

ಬಡತನವನ್ನು ಕಂಡು ಮರುಗುವವರು ಹಲವರು. ಅದರ ಆಳ ಅಗಲಗಳನ್ನು ಅಳೆದು ಪರಿಹಾರವನ್ನು ಚಿಂತಿಸುವವರು ವಿರಳ. ಅಂತಹ ವಿರಳರಲ್ಲಿ ಪ್ರೊ. ವಿ. ಎಂ. ದಾಂಡೇಕರ್ ಒಬ್ಬರು.

1920ರಲ್ಲಿ ಸಾತಾರಾದಲ್ಲಿ ಜನಿಸಿದ ದಾಂಡೇಕರರು ಸಂಖ್ಯಾಶಾಸ್ತ್ರದಲ್ಲಿ ಪರಿಣತಿ ಪಡೆದು, ಪುಣೆಯ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆಯನ್ನು ಸೇರಿದರು. ಅಲ್ಲಿ ಡಿ. ಆರ್. ಗಾಡ್ಗೀಳರ ತರುವಾಯ 1966ರಲ್ಲಿ ನಿರ್ದೇಶಕರಾದರು.

ದೇಶದಲ್ಲಿ ಬಡವರು ಎಷ್ಟು ಮಂದಿ? ಪ್ರಶ್ನೆ ಸರಳವೆಂದು ತೋರುತ್ತದೆ. ಆದರೆ ಎಣಿಸುವ ಮುನ್ನ ಬಡವನೆಂದರೆ ಯಾರು ಎಂಬುದನ್ನು ನಿಶ್ಚಯಿಸಬೇಕು. 1971ರಲ್ಲಿ ದಾಂಡೇಕರರು ನೀಲಕಂಠ ರಥರೊಡನೆ ಪ್ರಕಟಿಸಿದ 'ಭಾರತದಲ್ಲಿ ಬಡತನ' ಎಂಬ ಅಧ್ಯಯನವು ಹಸಿವನ್ನೇ ಅಳತೆಗೋಲಾಗಿ ಆರಿಸಿಕೊಂಡಿತು. ಒಬ್ಬ ವ್ಯಕ್ತಿಗೆ ದಿನಕ್ಕೆ 2250 ಕ್ಯಾಲೊರಿ ಆಹಾರ ಬೇಕೆಂದು ಭಾವಿಸಿ, ರಾಷ್ಟ್ರೀಯ ಮಾದರಿ ಸಮೀಕ್ಷೆ ಕಲೆಹಾಕಿದ್ದ ಕುಟುಂಬಗಳ ಖರ್ಚಿನ ಲೆಕ್ಕವನ್ನು ಅವರು ಪರಿಶೀಲಿಸಿದರು. ಅಷ್ಟು ಆಹಾರ ದೊರೆಯುವ ಜೀವನಮಟ್ಟಕ್ಕೆ 1960-61ರ ಬೆಲೆಗಳಲ್ಲಿ ತಲೆಗೆ ತಿಂಗಳಿಗೆ ಹಳ್ಳಿಯಲ್ಲಿ ಸುಮಾರು 15 ರೂಪಾಯಿ, ಪಟ್ಟಣದಲ್ಲಿ ಸುಮಾರು 22 ರೂಪಾಯಿ 50 ಪೈಸೆ ಬೇಕಾಗಿತ್ತು. ಗ್ರಾಮವಾಸಿಗಳಲ್ಲಿ ಸುಮಾರು ಶೇಕಡ 40 ಮಂದಿಗೂ ನಗರವಾಸಿಗಳಲ್ಲಿ ಅರ್ಧದಷ್ಟು ಮಂದಿಗೂ ಅಷ್ಟು ವೆಚ್ಚಮಾಡುವ ಶಕ್ತಿಯಿರಲಿಲ್ಲ.

ಈ ಅಳತೆಯನ್ನು ಎಲ್ಲರೂ ಒಪ್ಪಲಿಲ್ಲ. ಪುಣೆಯವರೇ ಆದ ಪಿ. ವಿ. ಸುಖಾತ್ಮೆಯವರು, ಆಹಾರದ ಅಗತ್ಯ ಮನುಷ್ಯನಿಂದ ಮನುಷ್ಯನಿಗೆ, ದಿನದಿಂದ ದಿನಕ್ಕೆ ಬೇರೆಯಾಗುವುದರಿಂದ ಒಂದೇ ಸಂಖ್ಯೆಯ ಗೆರೆ ಹಸಿದವರ ಲೆಕ್ಕವನ್ನು ಹಿಗ್ಗಿಸುತ್ತದೆ ಎಂದು ವಾದಿಸಿದರು. ಇದು ಕೇವಲ ಪಂಡಿತರ ವಾಗ್ವಾದವಲ್ಲ. ಗೆರೆ ತುಸು ಸರಿದರೆ ಕೋಟ್ಯಂತರ ಜನ ಬಡವರ ಲೆಕ್ಕದಿಂದ ಹೊರಗುಳಿಯುತ್ತಾರೆ.

ದಾಂಡೇಕರರು ಎಣಿಕೆಗೇ ತೃಪ್ತರಾಗಲಿಲ್ಲ. ಹಳ್ಳಿಯ ಬಡವರಲ್ಲಿ ಬಹುಪಾಲು ಮಂದಿ ಭೂಹೀನ ಕೂಲಿಕಾರರು ಹಾಗೂ ಸಣ್ಣ ಹಿಡುವಳಿದಾರರು. ಎಲ್ಲರಿಗೂ ಹಂಚಿ ಬದುಕಿಸುವಷ್ಟು ಭೂಮಿ ಇಲ್ಲ. ವರ್ಷವಿಡೀ ಕೆಲಸವೂ ಇಲ್ಲ. ಆದುದರಿಂದ ದುಡಿಯಲು ಸಿದ್ಧನಿರುವವನಿಗೆ ಸರ್ಕಾರವೇ ರಸ್ತೆ, ನೀರಾವರಿ, ಭೂಸಂರಕ್ಷಣೆಯಂತಹ ಕಾಮಗಾರಿಗಳಲ್ಲಿ ಕೆಲಸ ಒದಗಿಸಬೇಕೆಂದು ಅವರೂ ರಥರೂ ಪ್ರತಿಪಾದಿಸಿದರು. ದಾನ ಇಂದಿನ ಹಸಿವನ್ನು ಹಿಂಗಿಸೀತು. ಕೂಲಿಯಾದರೋ ಹಸಿವನ್ನು ಹಿಂಗಿಸಿ, ಊರಿಗೆ ಆಸ್ತಿಯನ್ನೂ ಉಳಿಸುತ್ತದೆ.

ಇದೇ ಕಾಲದಲ್ಲಿ ಈ ವಿಚಾರ ಬೇರೆ ನೆಲೆಗಳಿಂದಲೂ ಬಲಗೊಳ್ಳುತ್ತಿತ್ತು. ವಿ. ಎಸ್. ಪಾಗೆಯವರ ಪ್ರಯತ್ನದಿಂದ ರೂಪುಗೊಂಡ ಉದ್ಯೋಗ ಖಾತರಿ ಯೋಜನೆಯು ಮಹಾರಾಷ್ಟ್ರದ ಬಡವರಿಗೆ ಆಸರೆಯಾಯಿತು. 1977ರಲ್ಲಿ ಅದಕ್ಕೆ ಶಾಸನದ ಬಲ ದೊರೆಯಿತು. 2005ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ದೇಶದ ಗ್ರಾಮೀಣ ಕುಟುಂಬಗಳಿಗೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆಯಿತ್ತಿತು.

ಅದನ್ನು ಕಾಣಲು ದಾಂಡೇಕರರು ಇರಲಿಲ್ಲ. 1995ರಲ್ಲಿ ಅವರು ನಿಧನರಾಗಿದ್ದರು. ಆದರೆ ಬಡವರನ್ನು ಸರಿಯಾಗಿ ಎಣಿಸದ ನಾಡು ಅವರಿಗೆ ನ್ಯಾಯ ಒದಗಿಸಲಾರದು. ಎಣಿಸಿ ಸುಮ್ಮನಾಗುವ ನಾಡೂ ಒದಗಿಸಲಾರದು ಎಂಬುದನ್ನು ಅವರ ಬದುಕು ತೋರಿಸಿಕೊಟ್ಟಿತು.