‘ಟೂ ಮೆನಿ ಕನೆಕ್ಷನ್ಸ್’: ಟಿಕೆಟ್ ಬುಕ್ ಮಾಡುವಾಗಲೇ ಸೈಟ್ ಕೈಕೊಡುವುದೇಕೆ? ಮಿತಿ ಹೆಚ್ಚಿಸಿದರೆ ಸಾಕೇ? ಇಲ್ಲಿದೆ ವಿವರ

ಅಹಮದಾಬಾದ್‌ನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ 2025ರ ಜನವರಿ 25 ಮತ್ತು 26ರಂದು ನಡೆದ ಕೋಲ್ಡ್‌ಪ್ಲೇ ಸಂಗೀತ ಕಾರ್ಯಕ್ರಮ ನೆನಪಿರಬಹುದು. 2024ರ ನವೆಂಬರ್ 16ರಂದು ಬುಕ್‌ಮೈಶೋದಲ್ಲಿ ಟಿಕೆಟ್ ಮಾರಾಟ ಶುರುವಾದಾಗ ಅಭಿಮಾನಿಗಳು ಮುಗಿಬಿದ್ದರು. ಸೀಟು ಆಯ್ಕೆಗೂ ಮುನ್ನ ಆನ್‌ಲೈನ್ ಸರತಿಯಲ್ಲಿ ಕಾಯಬೇಕಾಯಿತು. ಅದಕ್ಕೂ ಮೊದಲು, ಸೆಪ್ಟೆಂಬರ್ 22ರಂದು ಮುಂಬೈ ಕಾರ್ಯಕ್ರಮದ ಟಿಕೆಟ್ ಮಾರಾಟದ ವೇಳೆ ಸೈಟ್ ಮತ್ತು ಆ್ಯಪ್ ಕೆಲಹೊತ್ತು ಸ್ಥಗಿತಗೊಂಡಿದ್ದವು.

ದಟ್ಟಣೆಯಲ್ಲಿ ಸೈಟ್ ನಿಲ್ಲಲು ಕಾರಣ ಹಲವಿರಬಹುದು. ದೊಡ್ಡ ಸೈಟ್‌ಗಳಷ್ಟೇ ಅಲ್ಲ, ವಡೋದರಾದಲ್ಲಿ ನವರಾತ್ರಿ ಗರ್ಬಾ ಪಾಸ್ ಮಾರುವ, ಸೂರತ್‌ನಲ್ಲಿ ಸೀರೆ ಆರ್ಡರ್ ಪಡೆಯುವ ಚಿಕ್ಕ ಸೈಟ್‌ಗಳಿಗೂ ಕಾಡಬಹುದಾದ ಒಂದು ಕಾರಣವಿದೆ. ಅದೇ ಡೇಟಾಬೇಸ್ ಕನೆಕ್ಷನ್ ಮಿತಿ.

ಏನಿದು ಕನೆಕ್ಷನ್ ಮಿತಿ?

ಸೀಟು, ದರ, ಆರ್ಡರ್, ಪಾವತಿ ಎಲ್ಲದರ ಲೆಕ್ಕ ಇರುವುದು ಡೇಟಾಬೇಸ್‌ನಲ್ಲಿ. ಅಲ್ಲಿಂದ ಮಾಹಿತಿ ತರಲು ವೆಬ್‌ಸೈಟ್ ಮೊದಲು ಒಂದು ಕನೆಕ್ಷನ್ ತೆರೆಯಬೇಕು. ಇದಕ್ಕೊಂದು ಲೆಕ್ಕವಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸಾಮಾನ್ಯವಾಗಿ 100 ಕನೆಕ್ಷನ್‌ಗಳ ಮಿತಿ ಇರುತ್ತದೆ. ಅದರಲ್ಲಿ 3 ನಿರ್ವಾಹಕರಿಗೆ ಮೀಸಲು. ಮೈಎಸ್‌ಕ್ಯೂಎಲ್‌ನಲ್ಲಿ ಈ ಮಿತಿ 151. ಮಿತಿ ಮೀರಿದರೆ ಮೈಎಸ್‌ಕ್ಯೂಎಲ್ ‘ಟೂ ಮೆನಿ ಕನೆಕ್ಷನ್ಸ್’ ಎನ್ನುತ್ತದೆ. ಪೋಸ್ಟ್‌ಗ್ರೆಸ್ ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ ಎಂದು ಬಾಗಿಲು ಹಾಕುತ್ತದೆ. ಗ್ರಾಹಕರಿಗೆ ಕಾಣುವುದು ಮಾತ್ರ ‘ಸರ್ವರ್ ಡೌನ್’.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ

ಬಂದ ಪ್ರತಿಯೊಬ್ಬರಿಗೂ ಹೊಸ ಮೇಜು, ಹೊಸ ಕುರ್ಚಿ ತಂದು ಹಾಕಿ, ಊಟವಾದ ಮೇಲೆ ಎತ್ತಿಡುತ್ತಾ ಹೋದರೆ ಹೇಗಿರುತ್ತದೆ? ಪೂಲಿಂಗ್ ಇಲ್ಲದ ಸೈಟ್ ಮಾಡುವುದು ಇದನ್ನೇ. ಪ್ರತಿ ಕೋರಿಕೆಗೂ ಹೊಸ ಕನೆಕ್ಷನ್ ತೆರೆದು, ಮುಚ್ಚುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಂತೂ ಪ್ರತಿ ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರೊಸೆಸ್ ಶುರುವಾಗುತ್ತದೆ, ಅದಕ್ಕೆ ಮೆಮೊರಿಯೂ ಬೇಕು.

ಕನೆಕ್ಷನ್ ಪೂಲಿಂಗ್ ಎಂದರೆ ಮೇಜು ಅಲ್ಲೇ ಇಟ್ಟು ಎಲೆ ಮಾತ್ರ ಬದಲಿಸುವುದು. ಮೊದಲೇ ತೆರೆದಿಟ್ಟ ಕೆಲವೇ ಕನೆಕ್ಷನ್‌ಗಳನ್ನು ಎಲ್ಲರೂ ಸರದಿಯಂತೆ ಬಳಸುತ್ತಾರೆ. ಖಾಲಿ ಇಲ್ಲದಿದ್ದರೆ ಕ್ಷಣಕಾಲ ಕಾಯುತ್ತಾರೆ. ಟಿಕೆಟ್ ಸೈಟ್‌ಗಳ ಸರತಿಯ ಹಿಂದಿರುವುದೂ ಇದೇ ತತ್ವ.

20 ಕನೆಕ್ಷನ್ ಸಾಕಾಗುತ್ತದೆಯೇ?

ಒಂದು ಕೆಲಸಕ್ಕೆ 10 ಮಿಲಿಸೆಕೆಂಡ್ ಬೇಕೆಂದುಕೊಳ್ಳಿ. ಒಂದು ಕನೆಕ್ಷನ್ ಸೆಕೆಂಡಿಗೆ 100 ಕೆಲಸ ಮುಗಿಸುತ್ತದೆ. 20 ಕನೆಕ್ಷನ್‌ಗಳು 2,000 ಕೆಲಸ ಮುಗಿಸುತ್ತವೆ.

ಆದರೆ ಕನೆಕ್ಷನ್ ಹಿಡಿದುಕೊಂಡೇ ಪಾವತಿ ಗೇಟ್‌ವೇ ಉತ್ತರಕ್ಕೆ 2 ಸೆಕೆಂಡ್ ಕಾದರೆ? ಅದೇ 20 ಕನೆಕ್ಷನ್‌ಗಳು ಸೆಕೆಂಡಿಗೆ ಸುಮಾರು 10 ಜನರನ್ನಷ್ಟೇ ನಿಭಾಯಿಸುತ್ತವೆ. ಪಾವತಿ ಮುಗಿದ ಮೇಲೆ ಬುಕಿಂಗ್ ದಾಖಲಿಸಲು ಕನೆಕ್ಷನ್ ಸಿಗದಿದ್ದರೆ ‘ಹಣ ಕಟ್ ಆಯ್ತು, ಟಿಕೆಟ್ ಬರಲಿಲ್ಲ’ ಎನ್ನುವ ಸ್ಥಿತಿ ಬರಬಹುದು. ಹೊರಗಿನ ಉತ್ತರಕ್ಕೆ ಕಾಯುವ ಮುನ್ನ ಕನೆಕ್ಷನ್ ಮರಳಿಸಬೇಕು ಎನ್ನುವುದು ಇದಕ್ಕೇ.

ಮಿತಿ ಹೆಚ್ಚಿಸಿದರೆ ಆಗದೇ?

ಹೆಚ್ಚಿನವರು ಮೊದಲು ಮಾಡುವುದು ಇದನ್ನೇ. ಆದರೆ ಪಂಕ್ತಿ ಹೆಚ್ಚಿಸಿದ ಮಾತ್ರಕ್ಕೆ ಅಡುಗೆಯವರು ಹೆಚ್ಚುವುದಿಲ್ಲ. ಪ್ರೊಸೆಸರ್, ಮೆಮೊರಿ ಅಷ್ಟೇ ಇದ್ದು ಕನೆಕ್ಷನ್ ಮಾತ್ರ 100ರಿಂದ 1,000ಕ್ಕೆ ಏರಿಸಿದರೆ ಎಲ್ಲರ ಕೆಲಸವೂ ನಿಧಾನವಾಗಬಹುದು, ಮೆಮೊರಿ ಮುಗಿದು ಡೇಟಾಬೇಸ್ ನಿಂತೂಹೋಗಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಈ ಮಿತಿ ಬದಲಿಸಲು ಡೇಟಾಬೇಸ್ ರೀಸ್ಟಾರ್ಟ್ ಮಾಡಲೇಬೇಕು. ಮಾರಾಟದ ನಡುವೆ ಅದು ಸುಲಭವಲ್ಲ.

ಇನ್ನೊಂದು ಲೆಕ್ಕ ತಪ್ಪುವುದು ಇಲ್ಲಿ. ತಲಾ 20 ಕನೆಕ್ಷನ್ ಪೂಲ್ ಇರುವ 5 ಆ್ಯಪ್ ಸರ್ವರ್‌ಗಳಿದ್ದರೆ ಒಟ್ಟು 100. ಮೀಸಲು ಬಿಟ್ಟರೆ ಸಿಗುವುದು 97. ಅಂದರೆ ಎಲ್ಲ ಪೂಲ್ ತುಂಬಿದ ದಿನವೇ ಮಿತಿ ಮೀರುತ್ತದೆ. ಹಬ್ಬದ ದಟ್ಟಣೆಗೆಂದು ಸರ್ವರ್‌ಗಳನ್ನು 10ಕ್ಕೆ ಏರಿಸಿದರೆ ಬೇಡಿಕೆ 200! ಸೈಟ್ ಉಳಿಸಲು ಸೇರಿಸಿದ ಸರ್ವರ್‌ಗಳೇ ಸೈಟ್ ಬೀಳಿಸುತ್ತವೆ.

ದೋಷ ಪತ್ತೆ ಹೇಗೆ?

* ಯಾರು ಕುಳಿತಿದ್ದಾರೆ ನೋಡಿ: ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ’, ಮೈಎಸ್‌ಕ್ಯೂಎಲ್‌ನಲ್ಲಿ ‘ಶೋ ಪ್ರೊಸೆಸ್‌ಲಿಸ್ಟ್’ ಈ ಪಟ್ಟಿ ಕೊಡುತ್ತವೆ.

* ಊಟ ಮುಗಿದರೂ ಏಳದವರನ್ನು ಹುಡುಕಿ: ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದು ಬಹಳ ಹೊತ್ತು ಕಂಡರೆ ಕೋಡ್ ಎಲ್ಲೋ ಕನೆಕ್ಷನ್ ಮರಳಿಸಿಲ್ಲ ಎಂದರ್ಥ. ದೋಷ ಎದುರಾದಾಗಲೂ ಕನೆಕ್ಷನ್ ಮರಳುವಂತೆ ಕೋಡ್ ಸರಿಪಡಿಸಿ. ಇಂಥ ಕನೆಕ್ಷನ್ ತಾನಾಗಿ ಕಡಿಯುವ ಟೈಮ್‌ಔಟ್ ಪೋಸ್ಟ್‌ಗ್ರೆಸ್‌ನಲ್ಲಿದೆ. ಆದರೆ ನಾವೇ ಆನ್ ಮಾಡಬೇಕು.

* ನಿಧಾನದ ಕ್ವೆರಿ ಸರಿಪಡಿಸಿ: ಒಂದು ಇಂಡೆಕ್ಸ್ ಇಲ್ಲದ್ದರಿಂದ ಪ್ರತಿ ಕನೆಕ್ಷನ್ ಹತ್ತುಪಟ್ಟು ಹೊತ್ತು ಸಿಕ್ಕಿಬೀಳಬಹುದು.

* ಪೂಲ್ ಗಾತ್ರ ಕೂಡಿಸಿ ನೋಡಿ: ಎಲ್ಲ ಸರ್ವರ್‌ಗಳ ಪೂಲ್ ಸೇರಿಸಿದರೂ ಮಿತಿಯೊಳಗಿರಲಿ. ಜಾವಾದಲ್ಲಿ ಜನಪ್ರಿಯವಾದ ಹಿಕಾರಿಸಿಪಿ ಪೂಲ್‌ನ ಮೂಲ ಗರಿಷ್ಠ ಗಾತ್ರ 10 ಮಾತ್ರ.

* ನಡುವೆ ಪೂಲರ್ ಇಡಿ: ಸರ್ವರ್‌ಗಳು ಹೆಚ್ಚಿದ್ದರೆ ಪಿಜಿಬೌನ್ಸರ್‌ನಂಥ ಉಚಿತ ತಂತ್ರಾಂಶ ನೆರವಾಗುತ್ತದೆ. ಅದರ ‘ಟ್ರಾನ್ಸಾಕ್ಷನ್’ ವಿಧಾನದಲ್ಲಿ ಪ್ರತಿ ವ್ಯವಹಾರ ಮುಗಿದ ಕೂಡಲೇ ಕನೆಕ್ಷನ್ ಇನ್ನೊಬ್ಬರಿಗೆ ಸಿಗುತ್ತದೆ. ಆದರೆ ಒಂದು ಸೆಷನ್‌ಗೆಂದು ಮಾಡಿದ ಸೆಟ್ಟಿಂಗ್ ಇಲ್ಲಿ ಉಳಿಯುತ್ತದೆಂದು ನಂಬುವಂತಿಲ್ಲ. ಮೊದಲೇ ಪರೀಕ್ಷಿಸಿ.

ಗ್ರಾಹಕರು ಏನು ಮಾಡಬೇಕು?

ಸೈಟ್ ತಡವಾದರೆ ಪದೇಪದೇ ರಿಫ್ರೆಶ್ ಒತ್ತಬೇಡಿ. ಪ್ರತಿ ಒತ್ತಿಗೂ ಹೊಸ ಕೋರಿಕೆ ಹೋಗುತ್ತದೆ, ಸರತಿಯಲ್ಲಿದ್ದರೆ ನಿಮ್ಮ ಸ್ಥಾನವೂ ತಪ್ಪಬಹುದು. ಹಣ ಕಡಿತವಾಗಿದ್ದರೆ ಮತ್ತೆ ಪಾವತಿಸುವ ಮುನ್ನ ಬುಕಿಂಗ್ ಹಿಸ್ಟರಿ ಮತ್ತು ಬ್ಯಾಂಕ್ ಸಂದೇಶ ನೋಡಿ.

ಇನ್ನು ಸೈಟ್ ನಡೆಸುವವರಾಗಿದ್ದರೆ, ಹಬ್ಬಕ್ಕೆ ದೊಡ್ಡ ಸರ್ವರ್ ಬಾಡಿಗೆಗೆ ಪಡೆಯುವ ಮುನ್ನ ಈಗಿರುವ ಕನೆಕ್ಷನ್‌ಗಳು ಎಲ್ಲಿ ಸಿಕ್ಕಿಕೊಂಡಿವೆ ಎಂದು ಒಮ್ಮೆ ಎಣಿಸಿ ನೋಡಿ. ಆ ಖರ್ಚೇ ಬೇಕಾಗದಿರಬಹುದು.