ಬಾಳಿನ ಕಥೆ, ಭಾಷೆಯ ಪಾಠ

ಚಾಮರಾಜನಗರಕ್ಕೆ ಇನ್ನೂ ಆ ಹೆಸರು ಬಂದಿರದ ಕಾಲ. ಊರನ್ನು ಜನರು ಅರಿಕುಠಾರವೆಂದು ಕರೆಯುತ್ತಿದ್ದರು. ಅದೇ ಸೀಮೆಯ ಮಲೆಯೂರಿನಲ್ಲಿ ಕನಕಗಿರಿಯೆಂಬ ಬೆಟ್ಟವಿದೆ. ಜೈನರಿಗೆ ಅದು ಪುಣ್ಯಕ್ಷೇತ್ರ. 1804ರಲ್ಲಿ ಆ ಬೆಟ್ಟದ ಬಳಿಗೆ ಮೋಜಣಿಯ ತಂಡವೊಂದು ಬಂದಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯ ನೆಲವನ್ನು ಅಳೆದು ನಕ್ಷೆ ತಯಾರಿಸುವ ಕಾರ್ಯವನ್ನು ವಹಿಸಿಕೊಂಡಿದ್ದ ಕಾಲಿನ್ ಮೆಕೆಂಜಿಯ ತಂಡವದು. ಮೆಕೆಂಜಿಯು ನೆಲವನ್ನು ಅಳೆಯುವುದರಲ್ಲಿ ಮಾತ್ರವೇ ತೃಪ್ತನಾಗುವ ಅಧಿಕಾರಿಯಾಗಿರಲಿಲ್ಲ. ಹೋದ ಊರುಗಳಲ್ಲೆಲ್ಲ ಸ್ಥಳಪುರಾಣ, ಶಾಸನ, ಓಲೆಗರಿ, ಹಳೆಯ ಕಥೆ, ಇವೆಲ್ಲವನ್ನೂ ಕೂಡಿಹಾಕುವ ಹಂಬಲ ಅವನದು. ಆದರೆ ಅವನಿಗೆ ಈ ದೇಶದ ಭಾಷೆಗಳು ತಿಳಿದಿರಲಿಲ್ಲ.

ಕನಕಗಿರಿಯಲ್ಲಿ ದೇವಚಂದ್ರನೆಂಬ ಜೈನ ವಿದ್ವಾಂಸನಿದ್ದನು. ಸ್ಥಳದ ಪೂರ್ವವೃತ್ತಾಂತವನ್ನು ಬಲ್ಲವರು ಯಾರೆಂದು ವಿಚಾರಿಸಿದಾಗ ಅವನೇ ಮುಂದೆ ಬಂದು, ತನ್ನಲ್ಲಿದ್ದ ಪೂಜ್ಯಪಾದ ಚರಿತೆಯನ್ನು ತೋರಿಸಿದನೆಂದು ತಿಳಿದುಬರುತ್ತದೆ. ಪೂಜ್ಯಪಾದರು ಜೈನೇಂದ್ರ ವ್ಯಾಕರಣವನ್ನು ರಚಿಸಿದ ಆಚಾರ್ಯರು. ಅವರಿಗೂ ಕನಕಗಿರಿಗೂ ಸಂಬಂಧವುಂಟೆಂಬುದು ಅಲ್ಲಿಯ ಪರಂಪರೆ. ದೇವಚಂದ್ರನಿಗೆ ಇಂಗ್ಲಿಷ್ ಬಾರದು, ಮೆಕೆಂಜಿಗೆ ಕನ್ನಡ ಬಾರದು. ಇಬ್ಬರ ನಡುವೆ ಮಾತನ್ನು ದಾಟಿಸಿದವನು ಲಕ್ಷ್ಮಣರಾಯ. ಮೆಕೆಂಜಿಯ ಮುಖ್ಯ ಸಹಾಯಕನಾಗಿದ್ದ ಕಾವಲಿ ಲಕ್ಷ್ಮಯ್ಯನೇ ಈತನೆಂದು ಗುರುತಿಸಲಾಗಿದೆ. ಹೀಗೆ ಎರಡು ಶತಮಾನಗಳ ಹಿಂದೆ ಚಾಮರಾಜನಗರದ ಸೀಮೆಯಲ್ಲಿ ಕನ್ನಡವೂ ಇಂಗ್ಲಿಷೂ ಎದುರುಬದುರಾಗಿ ಕುಳಿತಾಗ, ಅವುಗಳ ನಡುವೆ ತೆರೆದುಕೊಂಡದ್ದು ಒಬ್ಬ ವೈಯಾಕರಣನ ವ್ಯಾಕರಣವಲ್ಲ, ಅವನ ಬಾಳಿನ ಕಥೆ.

ಕಾವಲಿ ಸಹೋದರರ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅವರು ಆಂಧ್ರದ ಏಲೂರಿನವರು. ಹಿರಿಯನಾದ ಬೊರ್ರಯ್ಯನು ಎಳೆಯ ವಯಸ್ಸಿನಲ್ಲಿಯೇ ಇಂಗ್ಲಿಷನ್ನು ಕಲಿತು ಮೆಕೆಂಜಿಯ ಬಲಗೈಯಾಗಿದ್ದನು. 1803ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ತೀರಿಕೊಂಡನು. ಭಾರತೀಯ ವಿದ್ಯೆಯ ಹೊಸ್ತಿಲನ್ನು ತಾನು ತುಳಿದುದು ಈ ತರುಣನಿಂದಲೇ ಎಂದು ಮೆಕೆಂಜಿಯು ಮುಂದೆ ಕೃತಜ್ಞತೆಯಿಂದ ಸ್ಮರಿಸಿದ್ದಾನೆ. ಮತ್ತೊಬ್ಬ ಸಹೋದರ ರಾಮಸ್ವಾಮಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಂಗ್ಲಿಷಿನಲ್ಲಿಯೇ ಒಂದು ಗ್ರಂಥವನ್ನು ಬರೆದು 1829ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದನು. ಆ ಗ್ರಂಥದ ವಿಷಯವೂ ಬಾಳಿನ ಕಥೆಗಳೇ: ದಕ್ಷಿಣದ ಕವಿಗಳ ಜೀವನಚರಿತ್ರೆಗಳು. ಹೊಸ ಭಾಷೆಯಲ್ಲಿ ಬರೆಯಲು ಹೊರಟವನು ತನಗೆ ಚೆನ್ನಾಗಿ ಗೊತ್ತಿದ್ದ ಹಿರಿಯರನ್ನೇ ಆರಿಸಿಕೊಂಡನು. ಇದರಲ್ಲಿ ಒಂದು ಜಾಣತನವಿದೆ. ವಿಷಯವೂ ಹೊಸದು, ಭಾಷೆಯೂ ಹೊಸದು ಎಂದಾದರೆ ಹೊರೆ ಇಮ್ಮಡಿಯಾಗುತ್ತದೆ. ವಿಷಯ ಪರಿಚಿತವಾಗಿದ್ದರೆ ಗಮನವೆಲ್ಲವೂ ಭಾಷೆಯ ಮೇಲೆ ನಿಲ್ಲುತ್ತದೆ.

ಗುಂಡ್ಲುಪೇಟೆಯಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಬಂಡೀಪುರದ ಕಾಡನ್ನು ಹಾದು ಉದಕಮಂಡಲಕ್ಕೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಮೇಲೆ ಕೇರಳಕ್ಕೆ. ಚೆಂಡುಹೂವಿನ ಹೊಲಗಳು ಅರಳುವ ಕಾಲದಲ್ಲಿ ಅಲ್ಲಿಯ ರಸ್ತೆಬದಿಗಳಲ್ಲಿ ಮೂರು ಭಾಷೆಗಳು ಕೇಳಿಬರುತ್ತವೆ. ತರಕಾರಿಯ ಮೂಟೆಯ ಪಕ್ಕದಲ್ಲಿ ನಿಂತ ಹುಡುಗನು ಮಲಯಾಳದಲ್ಲಿ ಬೆಲೆ ಹೇಳಿ, ತಮಿಳಿನಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಲೆಕ್ಕ ಹಾಕುತ್ತಾನೆ. ಯಾವ ಪಾಠಶಾಲೆಯೂ ಅವನಿಗೆ ಅದನ್ನು ಹೇಳಿಕೊಟ್ಟಿಲ್ಲ. ಅದೇ ಹುಡುಗನು ತರಗತಿಯಲ್ಲಿ ಇಂಗ್ಲಿಷ್ ಪುಸ್ತಕವನ್ನು ತೆರೆದೊಡನೆ ಬಾಯಿ ಕಟ್ಟಿದವನಂತಾಗುತ್ತಾನೆ. ಉಳಿದ ವಿಷಯಗಳಲ್ಲೆಲ್ಲ ತೇರ್ಗಡೆಯಾಗಿ, ಇದೊಂದರಲ್ಲಿ ಮುಗ್ಗರಿಸಿ, ಓದನ್ನೇ ಬಿಟ್ಟ ಮಕ್ಕಳು ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿಯೂ ಉಂಟು. ಅವರಿಗೆ ಬುದ್ಧಿ ಸಾಲದೆಂದು ಹೇಳುವುದು ಅನ್ಯಾಯ. ಸಂತೆಯಲ್ಲಿ ಎದುರಿಗೆ ಒಬ್ಬ ಮನುಷ್ಯನಿರುತ್ತಾನೆ. ಅವನಿಂದ ತಿಳಿಯಬೇಕಾದುದು, ಅವನಿಗೆ ತಿಳಿಸಬೇಕಾದುದು ಇರುತ್ತದೆ. ಪದಗಳ ಪಟ್ಟಿಯಲ್ಲಿ ಮನುಷ್ಯನಿಲ್ಲ. ಮಹನೀಯರ ಜೀವನಚರಿತ್ರೆಯು ಆ ಮನುಷ್ಯನನ್ನು ಪುಟಕ್ಕೆ ಕರೆತರುತ್ತದೆ.

ಅಮೆರಿಕದ ಅಬ್ರಹಾಂ ಲಿಂಕನ್ನರಿಗೆ ಇಂಗ್ಲಿಷು ಮನೆಮಾತೇ ಆಗಿತ್ತು. ಆದರೆ ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷವಾಗದು. ಕಾಡಿನ ಅಂಚಿನ ಮರದ ಮನೆಯಲ್ಲಿ ಬೆಳೆದ ಆ ಹುಡುಗನ ಕೈಗೆ ಸಿಕ್ಕಿದ ಕೆಲವೇ ಪುಸ್ತಕಗಳಲ್ಲಿ ವೀಮ್ಸ್ ಎಂಬಾತನು ಬರೆದ ಜಾರ್ಜ್ ವಾಷಿಂಗ್ಟನ್ನರ ಜೀವನಚರಿತ್ರೆಯೂ ಒಂದು. 1861ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಯನ್ನು ವಹಿಸಿಕೊಳ್ಳಲು ಹೋಗುವ ದಾರಿಯಲ್ಲಿ ಟ್ರೆಂಟನ್ ನಗರದಲ್ಲಿ ಮಾತನಾಡುತ್ತ ಅವರು ಆ ಪುಸ್ತಕವನ್ನು ನೆನೆದರು. ಟ್ರೆಂಟನ್ನಿನಲ್ಲಿ ನಡೆದ ಹೋರಾಟದ ವರ್ಣನೆ ಬಾಲ್ಯದಿಂದಲೂ ತಮ್ಮ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆಯೆಂದು ಹೇಳಿದರು. ಇಲ್ಲೊಂದು ಎಚ್ಚರಿಕೆಯ ಮಾತು. ಬಾಲಕ ವಾಷಿಂಗ್ಟನ್ ಚೆರ್ರಿ ಮರವನ್ನು ಕಡಿದು, ತಂದೆಯೆದುರು ನಿಜವನ್ನು ಒಪ್ಪಿಕೊಂಡನೆಂಬ ಪ್ರಸಿದ್ಧ ಕಥೆ ಇದೇ ವೀಮ್ಸನದು. ಅದು ಕಲ್ಪಿತವೆಂದು ಚರಿತ್ರಕಾರರು ತೀರ್ಮಾನಿಸಿದ್ದಾರೆ. ಸತ್ಯವಂತಿಕೆಯನ್ನು ಕಲಿಸಲು ಕಟ್ಟಿದ ಕಥೆಯೇ ಸುಳ್ಳಾಗಿರುವುದು ವಿನೋದದ ಸಂಗತಿ. ಭಾಷೆಗಾಗಿ ಓದುವಾಗಲೂ ವಿಷಯವನ್ನು ಪರೀಕ್ಷಿಸದೆ ನುಂಗಬಾರದು.

ಗಾಂಧೀಜಿಯವರ ಅನುಭವ ನಮ್ಮ ಮಕ್ಕಳ ಅನುಭವಕ್ಕೆ ಇನ್ನೂ ಹತ್ತಿರವಾದುದು. ರಾಜಕೋಟೆಯ ಪ್ರೌಢಶಾಲೆಯಲ್ಲಿ ಮೊದಲನೆಯ ವರ್ಷ ಪರೀಕ್ಷಾಧಿಕಾರಿಯು ಐದು ಇಂಗ್ಲಿಷ್ ಪದಗಳನ್ನು ಬರೆಯಹೇಳಿದಾಗ, 'ಕೆಟಲ್' ಎಂಬ ಒಂದು ಪದವನ್ನು ಅವರು ತಪ್ಪಾಗಿ ಬರೆದರು. ಪಕ್ಕದವನ ಹಲಗೆಯನ್ನು ನೋಡಿ ಬರೆಯುವಂತೆ ಉಪಾಧ್ಯಾಯರು ಬೂಟಿನ ತುದಿಯಿಂದ ಸೂಚಿಸಿದರೂ ಬಾಲಕನಿಗೆ ಅದು ಹೊಳೆಯಲೇ ಇಲ್ಲ. ಮುಂದೆ ರೇಖಾಗಣಿತವೇ ಮೊದಲಾದ ವಿಷಯಗಳನ್ನೆಲ್ಲ ಇಂಗ್ಲಿಷಿನಲ್ಲಿ ಬೋಧಿಸತೊಡಗಿದಾಗ ಅವರಿಗೆ ಕಂಗಾಲಾಯಿತು. ಆ ವಿಷಯಗಳನ್ನು ಗುಜರಾತಿಯಲ್ಲಿ ಕಲಿಸಿದ್ದರೆ ನಾಲ್ಕು ವರ್ಷದ ಪಾಠ ಒಂದೇ ವರ್ಷದಲ್ಲಿ ಮುಗಿಯುತ್ತಿತ್ತೆಂದು ಅವರು ಅಭಿಪ್ರಾಯಪಟ್ಟಿದ್ದಾರೆ. 1888ರಲ್ಲಿ ಇಂಗ್ಲೆಂಡಿಗೆ ಹಡಗನ್ನೇರಿದಾಗ ಹದಿನೆಂಟು ವರ್ಷದ ತರುಣ. ಸಹಪ್ರಯಾಣಿಕರು ಮಾತನಾಡಿಸಿದರೆ ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಕಟ್ಟಿಕೊಂಡ ಬಳಿಕವೇ ಬಾಯಿ ತೆರೆಯಬೇಕಾಗಿತ್ತು. ಊರಿನಲ್ಲಿದ್ದಾಗ ವೃತ್ತಪತ್ರಿಕೆಯನ್ನೇ ಓದದಿದ್ದವರು ಲಂಡನ್ನಿನಲ್ಲಿ ದಿನವೂ ಪತ್ರಿಕೆಗಳನ್ನು ಓದತೊಡಗಿದರು. ಮುಂದೆ ಅವರು ಬರೆದ ಇಂಗ್ಲಿಷು ಎಷ್ಟು ಸರಳವೂ ನೇರವೂ ಆಗಿತ್ತೆಂಬುದನ್ನು ಲೋಕವೇ ಬಲ್ಲದು. ಹೀಗಿದ್ದರೂ ತಮ್ಮ ಆತ್ಮಕಥೆಯನ್ನು ಅವರು ಬರೆದುದು ಗುಜರಾತಿಯಲ್ಲಿ. ಇಂಗ್ಲಿಷನ್ನು ಕಲಿಯುವುದು ಬೇರೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ ಎಂಬ ವಿವೇಕ ಅವರಲ್ಲಿತ್ತು.

ಇನ್ನು ಕಲಿಕೆಯ ಕ್ರಮವನ್ನು ನೋಡಬಹುದು. ಜೀವನಚರಿತ್ರೆಯ ಭಾಷೆಗೆ ಕೆಲವು ವಿಶೇಷ ಗುಣಗಳುಂಟು. ಅದು ಬಹುಮಟ್ಟಿಗೆ ಭೂತಕಾಲದಲ್ಲಿ ನಡೆಯುತ್ತದೆ. ಹುಟ್ಟಿದರು, ಓದಿದರು, ಹೋದರು, ಕಟ್ಟಿದರು, ತೀರಿಕೊಂಡರು, ಎಂಬಿಷ್ಟು ಕ್ರಿಯಾಪದಗಳು ಕೈವಶವಾದರೆ ಯಾರ ಕಥೆಯನ್ನಾದರೂ ಅರ್ಧದಷ್ಟು ಓದಬಹುದು. 'ಗೋ' ಎಂಬುದು 'ವೆಂಟ್' ಎಂದಾಗುವುದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಬೆರಗಾಗಬೇಕಾದುದೇನೂ ಇಲ್ಲ. ಕನ್ನಡದಲ್ಲಿ 'ನೋಡು' ಎಂಬುದು 'ನೋಡಿದನು' ಎಂದಾದರೂ 'ಬರು' ಎಂಬುದು 'ಬಂದನು' ಎಂದೂ, 'ಕೊಡು' ಎಂಬುದು 'ಕೊಟ್ಟನು' ಎಂದೂ, 'ಸಾಯು' ಎಂಬುದು 'ಸತ್ತನು' ಎಂದೂ ಆಗುವುದಿಲ್ಲವೆ? ಮೂರು ವರ್ಷದ ಮಗುವು ಇವನ್ನು ಯಾರೂ ಹೇಳಿಕೊಡದೆ ಬಳಸುತ್ತದೆ, ಅಜ್ಜಿಯ ಕಥೆಗಳಲ್ಲಿ ಮತ್ತೆ ಮತ್ತೆ ಕೇಳಿದುದರಿಂದ.

ವಾಕ್ಯರಚನೆಯಲ್ಲಿ ಮಾತ್ರ ಎರಡು ಭಾಷೆಗಳ ದಾರಿ ಬೇರೆ. "ದೇವಚಂದ್ರನು ಮೆಕೆಂಜಿಗೆ ಗ್ರಂಥವನ್ನು ತೋರಿಸಿದನು" ಎಂಬ ವಾಕ್ಯವನ್ನು ತೆಗೆದುಕೊಳ್ಳಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬಂದು ನಿಲ್ಲುತ್ತದೆ: ದೇವಚಂದ್ರ, ತೋರಿಸಿದನು, ಗ್ರಂಥವನ್ನು, ಮೆಕೆಂಜಿಗೆ. ಕನ್ನಡದಲ್ಲಿ 'ಗೆ' ಎಂಬ ಪ್ರತ್ಯಯ ಹೆಸರಿನ ಬಾಲಕ್ಕೆ ಅಂಟಿಕೊಂಡರೆ, ಇಂಗ್ಲಿಷಿನಲ್ಲಿ 'ಟು' ಎಂಬ ಬಿಡಿ ಮಾತು ಹೆಸರಿಗೆ ಮುಂಚೆ ನಡೆಯುತ್ತದೆ. ಇನ್ನೂ ಒಂದು ಭೇದವುಂಟು. 'ತೋರಿಸಿದನು' ಎಂದೊಡನೆ ತೋರಿಸಿದವನು ಒಬ್ಬ ಗಂಡಸೆಂದು ಕನ್ನಡದ ಕ್ರಿಯಾಪದವೇ ಹೇಳಿಬಿಡುತ್ತದೆ; ಆದುದರಿಂದ ಕರ್ತೃಪದವನ್ನು ಬಿಟ್ಟರೂ ನಡೆಯುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಶಕ್ತಿಯಿಲ್ಲ. ಪ್ರತಿ ವಾಕ್ಯದಲ್ಲಿಯೂ 'ಹಿ' ಅಥವಾ 'ಷಿ' ಬರಲೇಬೇಕು. ಕನ್ನಡದ ಮಕ್ಕಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಒಬ್ಬ ವ್ಯಕ್ತಿಯನ್ನೇ ಮೊದಲಿನಿಂದ ಕಡೆಯವರೆಗೆ ಹಿಂಬಾಲಿಸುವ ಕಥೆಯಲ್ಲಿ ಆ 'ಹಿ', 'ಷಿ'ಗಳು ನೂರು ಸಲ ಕಣ್ಣಿಗೆ ಬಿದ್ದು ತಾವಾಗಿಯೇ ಅಭ್ಯಾಸಕ್ಕೆ ಬಂದುಬಿಡುತ್ತವೆ. ನಿಯಮವನ್ನು ಹತ್ತು ಸಲ ಉರುಹೊಡೆಯುವುದಕ್ಕಿಂತ ಈ ಕ್ರಮವೇ ಮೇಲು.

ಓದತೊಡಗುವ ಮೊದಲು ಆ ವ್ಯಕ್ತಿಯ ಕಥೆಯನ್ನು ಕನ್ನಡದಲ್ಲಿ ತಿಳಿದುಕೊಂಡಿರಬೇಕು. ಬಳಿಕ ಇಂಗ್ಲಿಷಿನ ಎರಡು ಪುಟಗಳನ್ನು ನಿಘಂಟಿನ ಸಹಾಯವಿಲ್ಲದೆ ಒಮ್ಮೆ ಓದಿ ಮುಗಿಸಬೇಕು. ತಿಳಿಯದ ಪದಕ್ಕೆಲ್ಲ ನಿಂತು ನಿಂತು ನಡೆದರೆ ಊರು ಸೇರುವುದಿಲ್ಲ. ಎರಡನೆಯ ಓದಿನಲ್ಲಿ, ಕಥೆಗೆ ಅಗತ್ಯವಾದ ಪದಗಳನ್ನಷ್ಟೇ ನಿಘಂಟಿನಲ್ಲಿ ನೋಡಿದರೆ ಸಾಕು. ಕೊನೆಗೆ ಪುಸ್ತಕವನ್ನು ಮುಚ್ಚಿ ಐದಾರು ಸಣ್ಣ ವಾಕ್ಯಗಳಲ್ಲಿ ಆ ಬಾಳನ್ನು ತಾನೇ ಹೇಳಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ಕಾರ್ಯಜೀವನವನ್ನು ಕುರಿತು ಬರೆದು 1951ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಇಂಥ ಓದಿಗೆ ತಕ್ಕುದಾಗಿದೆ. ಅಲಂಕಾರವಿಲ್ಲದ, ಅಳತೆಗೋಲು ಹಿಡಿದು ಬರೆದಂತಹ ಗದ್ಯವದು.

ಸ್ವಂತ ವಾಕ್ಯಗಳನ್ನು ಕಟ್ಟಲು ದೂರದ ಮಹನೀಯರೇ ಬೇಕೆಂದಿಲ್ಲ. ಗುಂಡ್ಲುಪೇಟೆಯ ಮಕ್ಕಳಿಗೆ ಕೆ. ಎಸ್. ನಾಗರತ್ನಮ್ಮನವರ ಹೆಸರು ಮನೆಯ ಹಿರಿಯರ ಬಾಯಲ್ಲಿ ಕೇಳಿ ಗೊತ್ತಿರುತ್ತದೆ. ಆ ಕ್ಷೇತ್ರದಿಂದ ಹಲವು ಬಾರಿ ಆರಿಸಿ ಬಂದ ಅವರು 1972ರಲ್ಲಿ ರಾಜ್ಯದ ವಿಧಾನಸಭೆಯ ಪ್ರಥಮ ಮಹಿಳಾ ಸಭಾಧ್ಯಕ್ಷರಾದರು. 1978ರವರೆಗೆ ಆ ಪೀಠದಲ್ಲಿದ್ದರು. ಅವರು ಪೀಠವನ್ನೇರಿದಾಗ ಅದು ಮೈಸೂರು ರಾಜ್ಯದ ವಿಧಾನಸಭೆ. ಅವರು ಅಲ್ಲಿ ಕುಳಿತಿದ್ದಂತೆಯೇ, 1973ರ ನವೆಂಬರ್ ಒಂದರಂದು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಈ ಒಂದು ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಹೊರಟ ವಿದ್ಯಾರ್ಥಿಗೆ 'ವೆನ್' ಸಾಲದು, 'ವೈಲ್' ಬೇಕಾಗುತ್ತದೆ; 'ಬಿಕೇಮ್' ಬೇಕು, 'ವಾಸ್' ಬೇಕು. ಹೇಳಬೇಕೆಂಬ ಆಸೆ ಮೊದಲು ಹುಟ್ಟುತ್ತದೆ. ವ್ಯಾಕರಣವನ್ನು ಅದೇ ಹುಡುಕಿಕೊಂಡು ಹೋಗುತ್ತದೆ.

ಕನಕಗಿರಿಯ ದೇವಚಂದ್ರನೂ ಮುಂದೆ ಸುಮ್ಮನೆ ಕೂರಲಿಲ್ಲ. ಮೆಕೆಂಜಿಯ ತಂಡದ ಭೇಟಿಯಾಗಿ ಮೂರು ದಶಕಗಳು ಕಳೆದ ಮೇಲೆ, 1838ರ ಸುಮಾರಿಗೆ, ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಅಪೇಕ್ಷೆಯಂತೆ ರಾಜಾವಳಿ ಕಥೆಯನ್ನು ಕನ್ನಡದಲ್ಲಿ ಪೂರೈಸಿದನು. ರಾಜರ, ಆಚಾರ್ಯರ, ಕವಿಗಳ ಬಾಳುಗಳೇ ಅದರಲ್ಲಿ ತುಂಬಿವೆ. ಬೆಂಗಳೂರಿನಲ್ಲಿಯೇ ಹುಟ್ಟಿ, ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿದ್ದ ಬಿ. ಎಲ್. ರೈಸರು ಅದನ್ನು ಓದಿ, ತಮ್ಮ ಇಂಗ್ಲಿಷ್ ಬರಹಗಳಲ್ಲಿ ಬಳಸಿಕೊಂಡರು. ಅದೇ ರೈಸರು ಹಳ್ಳಿಹಳ್ಳಿಗಳ ಶಾಸನಗಳನ್ನು ಪ್ರತಿಮಾಡಿಸಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟ 1898ರಲ್ಲಿ ಹೊರಬಂದಿತು. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರುಗಳ ಶಾಸನಗಳು ಅದರಲ್ಲಿವೆ. ಕನ್ನಡ ಲಿಪಿಯ ಪಾಠವೂ ಇಂಗ್ಲಿಷ್ ಅನುವಾದವೂ ಒಂದೇ ಸಂಪುಟದಲ್ಲಿ ದೊರೆಯುತ್ತವೆ. ತುರುಗಳನ್ನು ಕಾಯಲು ಹೋಗಿ ಮಡಿದವನ ವೀರಗಲ್ಲೋ, ದೇವರಿಗೆ ಭೂಮಿ ಬಿಟ್ಟವನ ದಾನಶಾಸನವೋ ತನ್ನೂರಿನದೇ ಆಗಿ ಅಲ್ಲಿ ಸಿಕ್ಕಿದರೆ, ವಿದ್ಯಾರ್ಥಿಯು ಒಂದು ಬೆರಳನ್ನು ಕನ್ನಡದ ಸಾಲಿನ ಮೇಲೂ ಇನ್ನೊಂದನ್ನು ಇಂಗ್ಲಿಷಿನ ಸಾಲಿನ ಮೇಲೂ ಇಟ್ಟು ಓದಬಹುದು.