ಹೇರ್‌ಪಿನ್ನೋ, ನಾಣ್ಯವೋ?

ಮನಗೂಳಿಯ ಎರೆಹೊಲದಲ್ಲಿ ಬಾಗಿದ ತಂತಿಯೊಂದು ನಮಗೆ ಸಿಕ್ಕಿತೆಂದು ಭಾವಿಸೋಣ. ಲೋಹಶೋಧಕ ಯಂತ್ರವು ಲೋಹವಿದೆಯೆಂದಷ್ಟೇ ಸಾರೀತು. ವಸ್ತುವನ್ನು ಗುರುತಿಸುವ ಕೆಲಸ ನಮ್ಮ ಕಣ್ಣಿನದು.

ಮೊದಲು ಬಣ್ಣವನ್ನು ನೋಡೋಣ. ಕಬ್ಬಿಣಕ್ಕೆ ಕೆಂಪು ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು, ಬೆಳ್ಳಿಗೆ ಸಾಮಾನ್ಯವಾಗಿ ಕಪ್ಪು. ಚಿನ್ನ ಮಾತ್ರ ಮಾಸದು. ತಂತಿಯು ಕಪ್ಪಾಗಿದ್ದು, ಚಪ್ಪಟೆಯಾದ ಮೈಮೇಲೆ ಅರಬ್ಬೀ ಲಿಪಿ ಕಂಡರೆ, ಅದು ಹೇರ್‌ಪಿನ್ನಲ್ಲ. ‘ಲಾರಿ’ ಎಂಬ ಬೆಳ್ಳಿ ನಾಣ್ಯವಿರಬಹುದು. ಪಾರಸ ದೇಶದ ಲಾರ್ ಪಟ್ಟಣದಿಂದ ಹೆಸರು ಪಡೆದ ಈ ತಂತಿಹಣವು ವಿಜಾಪುರದ ಎರಡನೆಯ ಅಲಿ ಆದಿಲಶಾಹನ (1656–1672) ಹೆಸರಿನಲ್ಲಿಯೂ ಅಚ್ಚಾಯಿತು.

ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿದರೆ ಕೊಳೆಯೊಡನೆ ಅಕ್ಷರಗಳೂ ಅಳಿದಾವು. ಆದುದರಿಂದ ಉಜ್ಜದೆ, ಸಿಕ್ಕ ಸ್ಥಳವನ್ನು ಬರೆದಿಟ್ಟು, ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ನಿಧಿಯ ವಿಷಯದಲ್ಲಿ 1962ರ ಕರ್ನಾಟಕದ ಕಾನೂನೂ ಇದನ್ನೇ ವಿಧಿಸುತ್ತದೆ. ನಾಣ್ಯವು ತನ್ನ ಅರಸನನ್ನು ಹೇಳೀತು. ಅದು ಇಲ್ಲಿಗೆ ಬಂದ ಕಥೆಯನ್ನು ಹೇಳಬೇಕಾದುದು ಕಲಕದ ಮಣ್ಣು.